ಮೌನವ್ರತದ ರಾತ್ರಿ ಕರೆದವರು ಯಾರು?

ನೀವು ಇದನ್ನು ನಂಬಲೇಬೇಕೆಂಬ ಹಠ ನನಗಿಲ್ಲ. ಇದೆಲ್ಲ ನಿನ್ನ ಭ್ರಮೆ ಎಂದು ಯಾರಾದರೂ ಹೇಳಿದರೆ ನನಗೇ ನೆಮ್ಮದಿ. ಆದರೆ ಆ ಕೆಂಪು ಚೌಕುಳಿಯ ಟವೆಲ್ ಇವತ್ತಿಗೂ ನನ್ನ ಬೀರುವಿನಲ್ಲಿದೆ... ಅದನ್ನು ಹೇಗೆ ಅಲ್ಲಗಳೆಯಲಿ?

ನಾನು ಮೂಡಿಗೆರೆ ಕಡೆಯವನು, ಹೆಸರು ವಿಲ್ಲಿ. ಕಾಫಿ ತೋಟಗಳ ಪಂಪ್‌ಸೆಟ್ ರಿಪೇರಿ ನನ್ನ ಕೆಲಸ. ನಮ್ಮ ಚರ್ಚಿನ ಗಂಡಸರ ಪ್ರಾರ್ಥನಾಕೂಟದವರು ಪ್ರತಿ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮೂರು ದಿನ ದೇವರಮನೆ ಊರಿನ ಆಚೆಗಿನ ಗುಡ್ಡಕ್ಕೆ ಹೋಗುತ್ತೇವೆ. ಯೇಸುಸ್ವಾಮಿ ನಲವತ್ತು ದಿನ ಅಡವಿಯಲ್ಲಿದ್ದರಲ್ಲ, ನಮ್ಮ ಕೈಲಿ ಮೂರು ದಿನವಾದರೂ ಆಗಲಿ ಎಂದು. ಫೋನಿಲ್ಲ, ಮನೆಯೂಟವಿಲ್ಲ. ಹಳ್ಳದ ನೀರು, ನಾವೇ ಆರಿಸಿದ ಸೌದೆ, ನೆಲದ ಮೇಲೆ ನಿದ್ದೆ. ಕುಡಿತಕ್ಕೆ ಅಂಟಿಕೊಂಡಿದ್ದ ಇಬ್ಬರು ಅಲ್ಲಿಂದ ಬಂದ ಮೇಲೆ ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಅದನ್ನು ಆಡಿಕೊಳ್ಳುವವನು ನಾನಲ್ಲ.

ಕೊನೆಯ ರಾತ್ರಿ ಮೌನವ್ರತ. ಒಬ್ಬೊಬ್ಬರೂ ಕೂಗಳತೆಯ ದೂರದಲ್ಲಿ ಒಂಟಿಯಾಗಿ, ಬೆಳಕು ಹರಿಯುವವರೆಗೆ ಬಾಯಿ ತೆರೆಯದೆ, ಜಾಗ ಬಿಡದೆ ಇರಬೇಕು. ಅಪಾಯವಾದರೆ ಊದಲು ಕೊರಳಿಗೊಂದು ಸೀಟಿ.

ನಮ್ಮನ್ನು ಕರೆದೊಯ್ಯುವವರು ಜೋಸೆಫಣ್ಣ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದವರು. ಆ ಸಂಜೆ ಅವರು ತಗ್ಗಿದ ದನಿಯಲ್ಲಿ ಹೇಳಿದ್ದು ನನಗೆ ಈಗಲೂ ನೆನಪಿದೆ.

“ಯಾರಾದ್ರೂ ಹೆಸ್ರು ಹಿಡಿದು ಕರೆದ್ರೆ ಓಗೊಡ್ಬೇಡಿ. ಶೋಧನೆ, ಅಂದ್ರೆ ಸೈತಾನನ ಪರೀಕ್ಷೆ, ಬರೋದು ಗುರ್ತಿನವ್ರ ದನೀಲೇ. ನಿಜವಾಗಿ ಕಷ್ಟ ಆದವ್ನು ಸೀಟಿ ಊದ್ತಾನೆ.”

ಹಿಂದಿನ ವರ್ಷ ಕಡವೆ ಕೂಗಿದ್ದಕ್ಕೇ ನಾನು ಹೆದರಿ, ಚಪ್ಪಲಿ ಅಲ್ಲೇ ಬಿಟ್ಟು ಜೋಸೆಫಣ್ಣನ ಬೆಂಕಿಯ ಹತ್ತಿರ ಓಡಿದ್ದೆ. ನನ್ನ ಬಾಲ್ಯದ ಗೆಳೆಯ ಸ್ಟ್ಯಾನಿ, ಕೊಟ್ಟಿಗೆಹಾರದ ಬೈಕ್ ಮೆಕ್ಯಾನಿಕ್, ಆ ಕಥೆಯನ್ನು ಮದುವೆ ಮನೆಯಲ್ಲೂ ಬಿಡಲಿಲ್ಲ. ನಗುವವರ ಜೊತೆ ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು. ಈ ಸಲ ಏನೇ ಆಗಲಿ, ಕೂತ ಜಾಗದಿಂದ ಏಳುವುದಿಲ್ಲ ಎಂದು ಶಪಥ ಮಾಡಿಕೊಂಡೇ ಹೋಗಿದ್ದೆ.

ನನ್ನ ಜಾಗ ಸಾಲಿನ ಕೊನೆಯದು. ಮೇಲ್ಗಡೆ ಸ್ಟ್ಯಾನಿ, ಕೆಳಗೆ ಕಾಡು ತುಂಬಿದ ಕಮರಿ. ಟಾರ್ಪಲ್ ಕಟ್ಟಿ, ಒದ್ದೆ ಟವೆಲನ್ನು ಪಕ್ಕದ ಗಿಡಕ್ಕೆ ಒಣಹಾಕಿದೆ. ಚಂದ್ರ ಇರಲಿಲ್ಲ. ಒಣಹುಲ್ಲಿನ ವಾಸನೆ, ದೂರದಲ್ಲಿ ಹಳ್ಳದ ಸದ್ದು.

ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ. ಇದ್ದಕ್ಕಿದ್ದಂತೆ ಹಳ್ಳದ ಸದ್ದೂ ನಿಂತಂತಾಯಿತು...

“ವಿಲ್ಲೀ...”

ಕಮರಿಯ ಕಡೆಯಿಂದ. ಸ್ಟ್ಯಾನಿಯ ದನಿ. ಶುರುವಾಯಿತು ಇವನ ಚೇಷ್ಟೆ, ಈ ವರ್ಷಕ್ಕೂ ಒಂದು ಕಥೆ ಬೇಕಲ್ಲ ಇವನಿಗೆ ಎಂದುಕೊಂಡೆ. ಅಲ್ಲಾಡಲಿಲ್ಲ.

“ವಿಲ್ಲೀ... ಕಾಲು ಹೋಯ್ತು ಮಾರಾಯ... ಬಾರೋ...”

ಈ ಸಲ ದನಿಯಲ್ಲಿ ಅಳುವಿತ್ತು. ಎದ್ದು ನಿಂತೇಬಿಟ್ಟೆ. ಆದರೆ ಸೀಟಿ ಎಲ್ಲಿ? ಸೀಟಿ ಊದಲಿಲ್ಲವಲ್ಲ... ಜೋಸೆಫಣ್ಣ ಹೇಳಿದ್ದು ಇದೇ ಇರಬೇಕೆಂದು ಮತ್ತೆ ಕೂತೆ. ಕಂಬಳಿ ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಬಾಯಿಪಾಠವಿದ್ದ ಕೀರ್ತನೆಯನ್ನು ಮನಸ್ಸಿನಲ್ಲೇ ಹೇಳತೊಡಗಿದೆ. ಮೂರನೆಯ ಸಲ ಬರೀ ನನ್ನ ಹೆಸರು ಕೇಳಿಸಿತು, ತೀರಾ ಮೆಲ್ಲಗೆ.

ಆಮೇಲೆ ಆ ವಾಸನೆ... ಉರಿಯುತ್ತಿದ್ದ ಮೇಣದಬತ್ತಿಯನ್ನು ಈಗಷ್ಟೇ ಊದಿ ಆರಿಸಿದಂತೆ. ಅಲ್ಲಿ ಯಾರೂ ಮೇಣದಬತ್ತಿ ಹಚ್ಚಿರಲಿಲ್ಲ.

ಹುಲ್ಲು ತುಳಿಯುವ ಸದ್ದು ಕೇಳಿತು. ಅದು ದೂರದಿಂದ ಬರಲಿಲ್ಲ. ನನ್ನ ತಲೆಯ ಪಕ್ಕದಿಂದಲೇ ಶುರುವಾಗಿ, ಒಂದೊಂದೇ ಹೆಜ್ಜೆ, ಕಮರಿಯತ್ತ ಇಳಿಯಿತು. ಅಷ್ಟು ಹೊತ್ತು ಯಾರೋ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಕಂಬಳಿಯಿಂದ ತಲೆ ಹೊರಹಾಕಲಿಲ್ಲ.

ಬೆಳಿಗ್ಗೆ ಸ್ಟ್ಯಾನಿ ಅವನ ಜಾಗದಲ್ಲಿರಲಿಲ್ಲ. ದನಿ ಬಂದಿದ್ದ ಕಮರಿಯತ್ತ ನಾನೇ ಎಲ್ಲರನ್ನೂ ಕರೆದೊಯ್ದೆ, ತಳದಲ್ಲಿ ಸಿಕ್ಕಿದ. ಮುರಿದ ಕಾಲಿನ ಮೂಳೆ ಹೊರಬಂದಿತ್ತು. ಬೀಳುವಾಗ ಸೀಟಿಯ ದಾರ ಹರಿದುಹೋಗಿತ್ತು. ತೊಡೆಗೆ ಬಿಗಿಯಾಗಿ ಏನನ್ನೋ ಕಟ್ಟಲಾಗಿತ್ತು.

ನನ್ನ ಕೆಂಪು ಚೌಕುಳಿಯ ಟವೆಲ್.

“ವಿಲ್ಲಿ ಬಂದು ಕಟ್ಟಿದ,” ಎಂದ ಸ್ಟ್ಯಾನಿ. “ಬೆಳಕು ಹರಿಯೋವರೆಗೂ ಕೈ ಹಿಡ್ಕೊಂಡ್ ಕೂತಿದ್ದ. ಒಂದ್ ಮಾತಾಡ್ಲಿಲ್ಲ, ವ್ರತ ಅಲ್ವಾ... ಕೈ ಮಾತ್ರ ಐಸ್ ಆಗಿತ್ತು.”

ಎಲ್ಲರೂ ನನ್ನ ಕಡೆ ನೋಡಿದರು. ಜೋಸೆಫಣ್ಣ ನನ್ನನ್ನು ತಬ್ಬಿಕೊಂಡು, ಸಹೋದರನಿಗಾಗಿ ಜಾಗ ಬಿಟ್ಟದ್ದು ವ್ರತಭಂಗವಲ್ಲ ಎಂದರು. ಅದು ನಾನಲ್ಲ ಎನ್ನುವ ಬದಲು ನಾನು ಸ್ಟ್ಯಾನಿಯನ್ನು ಎತ್ತಲು ಬಾಗಿದೆ. ಆ ಕಟ್ಟು ಇಲ್ಲದಿದ್ದರೆ ರಕ್ತ ಹೋಗಿಯೇ ಸಾಯುತ್ತಿದ್ದ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗಲೂ ಸುಮ್ಮನಿದ್ದೆ. ಎಂಥ ಹೇಡಿ ನಾನು!

ವರ್ಷ ತುಂಬುತ್ತಾ ಬಂತು. ಸ್ಟ್ಯಾನಿ ಕುಂಟುತ್ತಾನೆ. ಟವೆಲನ್ನು ಅವನ ಹೆಂಡತಿ ಒಗೆದು, ಮಡಚಿ, ಜೊತೆಗೊಂದು ಡಬ್ಬಿ ತುಂಬಾ ಕಡುಬು ಇಟ್ಟು ಕಳಿಸಿದ್ದಳು. ಅವಳು ನನ್ನನ್ನು ಕಂಡಾಗಲೆಲ್ಲ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾಳೆ. ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿಬಿಡಬೇಕೆಂದು ಕಳೆದ ವಾರ ಅವನ ಗ್ಯಾರೇಜಿಗೆ ಹೋದೆ.

“ಸ್ಟ್ಯಾನಿ, ಅವತ್ತು ನೀನು ಮೊದ್ಲು ಕರ್ದಾಗ್ಲೇ ನಂಗೆ ಕೇಳಿತ್ತು,” ಎಂದು ಶುರುಮಾಡಿದೆ.

ಅವನು ಸ್ಪ್ಯಾನರ್ ಕೆಳಗಿಟ್ಟ.

“ನಾನೆಲ್ಲಿ ಕರ್ದೆ? ಬಿದ್ದವ್ನಿಗೆ ಎಚ್ಚರಾನೇ ಇರ್ಲಿಲ್ಲ. ಕಣ್ ಬಿಟ್ಟಾಗ ನೀನು ಟವೆಲ್ ಕಟ್ತಾ ಇದ್ದೆ.” ಮತ್ತೆ ನನ್ನನ್ನೇ ದಿಟ್ಟಿಸಿ, ದನಿ ತಗ್ಗಿಸಿದ. “ಕರ್ದಿದ್ದು ನೀನಲ್ವಾ ಮಾರಾಯ? ಕಾಲು ಹೋಯ್ತು, ಬಾರೋ ಅಂತ... ಕಮರಿಯಿಂದ. ಜೋಸೆಫಣ್ಣ ಹೇಳಿದ್ದು ನೆನಪಿತ್ತು. ಆದ್ರೂ ನಿನ್ ದನಿ ಅಲ್ವಾ, ಕೂತಿರೋಕಾಗ್ಲಿಲ್ಲ. ಅದಕ್ಕೇ ಇಳಿದಿದ್ದು.”

ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಹೇಳಬೇಕೆಂದು ಬಂದಿದ್ದನ್ನು ಹೇಳದೆಯೇ ಮನೆಗೆ ಹೊರಟೆ. ಒಂದೇ ಕರೆ ಇಬ್ಬರಿಗೂ ಬಂದಿತ್ತು. ನನ್ನ ದನಿ ಕೇಳಿ ಅವನು ಇಳಿದ. ಅವನ ದನಿ ಕೇಳಿ ನಾನು ಕಂಬಳಿ ಎಳೆದುಕೊಂಡೆ. ಕರೆದದ್ದು ಯಾರು, ಟವೆಲ್ ಕಟ್ಟಿದ್ದು ಯಾರು, ಎರಡೂ ಒಂದೆಯೋ ಬೇರೆಯೋ... ನನಗೆ ಗೊತ್ತಿಲ್ಲ.

ಈ ಶುಕ್ರವಾರ ಮತ್ತೆ ಗುಡ್ಡಕ್ಕೆ ಹೊರಟಿದ್ದೇವೆ. ಕುಂಟು ಕಾಲಲ್ಲೂ ಸ್ಟ್ಯಾನಿ ಹೆಸರು ಕೊಟ್ಟಿದ್ದಾನೆ. ಅವನ ಹೆಂಡತಿಯೂ ಬೇಡವೆನ್ನಲಿಲ್ಲ. ಅವನ ಪಕ್ಕದ ಜಾಗ ನನ್ನದೇ ಆಗಿರಬೇಕು ಎಂದಷ್ಟೇ ಕೇಳಿಕೊಂಡಳಂತೆ.