ಪಂಚಾಕ್ಷರಿ ಏಕಾಕ್ಷರಿಯಾದದ್ದು

ನಮ್ಮ ಕಡೆ ಗಂಡಸಿಗೆ ಹೆಸರಿಡುವುದು ಶುದ್ಧ ದಂಡ. ತೊಟ್ಟಿಲು ಕಟ್ಟಿ, ಬಂಧುಬಳಗವನ್ನು ಕೂಡಿಸಿ, ಗುಗ್ಗರಿ ಹಂಚಿ ಇಟ್ಟ ಹೆಸರು ಮದುವೆಯ ಮರುದಿನವೇ ಮಾಯವಾಗಿ, ಅದರ ಜಾಗದಲ್ಲಿ ‘ರೀ’ ಎಂಬ ಒಂದೇ ಅಕ್ಷರ ಬಂದು ಚಕ್ಕಂಬಟ್ಟಲೆ ಹಾಕಿ ಕೂರುತ್ತದೆ. ನನ್ನ ಹೆಸರು ಪಂಚಾಕ್ಷರಯ್ಯ. ಅರ್ಥದಲ್ಲೂ ಐದಕ್ಷರ, ಬೆರಳು ಮಡಿಸಿ ಎಣಿಸಿದರೂ ಐದಕ್ಷರ. ದಾವಣಗೆರೆಯ ಹೈಸ್ಕೂಲೊಂದರಲ್ಲಿ ಕನ್ನಡ ವ್ಯಾಕರಣ ಕಲಿಸುವವನಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕೀತೆ, ನೀವೇ ಹೇಳಿ. ಆದರೆ ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದ ನನ್ನ ಹೆಂಡತಿ ಗಿರಿಜೆ ಪಂಚಾಕ್ಷರಿಯನ್ನು ಏಕಾಕ್ಷರಿ ಮಾಡಿಬಿಟ್ಟಳು. ‘ರೀ, ನೀರು ಕಾದೈತೆ’, ‘ರೀ, ಬರ್ತಾ ಮಂಡಕ್ಕಿ ತರ್ರಿ’. ಇದರಿಂದ ನನ್ನ ಆಯುಷ್ಯ ಹೆಚ್ಚಿತೋ ಇಲ್ಲವೋ ಕಾಣೆ, ಹೆಸರಂತೂ ಬಳಕೆಯಿಲ್ಲದೆ ತುಕ್ಕು ಹಿಡಿಯಿತು.

ಮದುವೆಯಾಗಿ ಬಹಳ ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ಕನ್ನಡನಾಡು ಒಂದಾದ ಮರುವರ್ಷ, ನಾವೂ ಮೂವರಾಗೋಣವೆಂದು ಮನಸ್ಸು ಮಾಡಿ ಹರಿಹರಕ್ಕೆ ಹೋದೆವು. ಹರಿಯೂ ಹರನೂ ಜಗಳವಿಲ್ಲದೆ ಒಂದೇ ಮೈಯಲ್ಲಿ ಸಂಸಾರ ಹೂಡಿರುವ ಊರು ಅದು. ಬೇರೆಬೇರೆ ಹುಟ್ಟಿದವರನ್ನು ಒಂದು ಮಾಡುವುದಕ್ಕೆ ಪ್ರಶಸ್ತವಾದ ಸ್ಥಳವೆಂದು ನನ್ನ ತರ್ಕ. ಅಲ್ಲಿ ಹೊಳೆಯ ಹತ್ತಿರ ಗೌರಮ್ಮ ಎಂಬ ವಿಧವೆ, ಅನಾಥಾಶ್ರಮದವರು ಒಪ್ಪಿಸಿದ ಕೂಸುಗಳನ್ನು ಮನೆಯಲ್ಲೇ ಸಾಕುತ್ತಿದ್ದರು. ಅವರ ಬಳಿ ನಾಲ್ಕು ವರ್ಷದ ನೀಲಾ ಇದ್ದಳು. ಆಗಲೇ ಒಂದು ಮನೆಯವರು ಅವಳನ್ನು ಕರೆದೊಯ್ದು, ‘ಹೊಂದಿಕೊಳ್ಳಲಿಲ್ಲ’ ಎಂದು ಅಳತೆ ತಪ್ಪಿದ ಅಂಗಿಯ ಹಾಗೆ ವಾಪಸು ತಂದುಬಿಟ್ಟಿದ್ದರಂತೆ.

ಗೌರಮ್ಮನವರ ಮಾತು ಖಡಕ್ಕು. “ನೋಡ್ರಿ ಮೇಷ್ಟ್ರೆ, ದಸರಾ ತನಕ ಇಟ್ಕೊಳ್ರಿ. ಆಮ್ಯಾಲೆ ನಾನು ಬಂದು ನೋಡ್ತೀನಿ. ಕೂಸು ನಿಮಗೆ ಹತ್ತಿದ್ರೆ ದತ್ತು ತಗಳ್ರಿ, ಇಲ್ಲಾಂದ್ರೆ ನಾನೇ ಕರ್ಕಂಡು ಹೋಗ್ತೀನಿ. ಇನ್ನೊಂದ್ಸಲ ಯಾರೂ ತಂದು ಬಿಡಾದು ಬ್ಯಾಡ.”

ನೀಲಾ ಬಂದಳು. ತಿಂದಳು, ಆಡಿದಳು, ಗಿರಿಜೆಯನ್ನು ಬೇಗನೆ ‘ಅವ್ವ’ ಎಂದಳು. ನನ್ನನ್ನು ಮಾತ್ರ ಯಾವ ಹೆಸರಿನಿಂದಲೂ ಕರೆಯಲಿಲ್ಲ. ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತಿರುವಾಗ “ರೀ, ಕಾಪಿ ಆರ್ತೈತಿ, ಬರ್ರಿ” ಎಂಬ ಕೂಗು ಬಂತು. ತಿರುಗಿ ನೋಡಿದರೆ ಗಿರಿಜೆಯಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡ ನೀಲಾ! ಮನೆಯಲ್ಲಿ ಕಿವಿಗೆ ಬೀಳುತ್ತಿದ್ದ ನನ್ನ ಹೆಸರು ಅದೊಂದೇ, ಪಾಪ, ಮಗುವಿನ ತಪ್ಪೇನು? ಪಕ್ಕದ ಮನೆಯವರು ಗೋಡೆಯಾಚೆಯಿಂದ ಬಿದ್ದು ಬಿದ್ದು ನಕ್ಕರು. ಸಂಬೋಧನೆಯನ್ನು ಊರ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದವನು ನಾನು, ಹಟ ಹಿಡಿದೆ. ಬೆಣ್ಣೆದೋಸೆಯ ಲಂಚ ಕೊಟ್ಟು “ಅಪ್ಪ ಅನ್ನು” ಎಂದೆ. “ಅಪ್ಪ ಅನ್ನು” ಎಂದು ನನ್ನ ಪಾಠವನ್ನೇ ನನಗೆ ಒಪ್ಪಿಸಿದಳು. ದೋಸೆ ಮುಗಿದೊಡನೆ, “ರೀ, ಇನ್ನೊಂದು ತರ್ರಿ.”

ಇದಕ್ಕೆಲ್ಲ ನಗಬಹುದಿತ್ತು. ನಗಲಾಗದ್ದು ಇನ್ನೊಂದಿತ್ತು. “ನಿಮ್ಮನೆ ಬೆಕ್ಕು ಹಾಲು ಕುಡೀತು”, “ನಿಮ್ಮನೆ ಕೊಡ ಸೋರ್ತೈತಿ” ಎನ್ನುತ್ತಿದ್ದಳು ನೀಲಾ. ಉಣ್ಣುವ ತಟ್ಟೆ ನಿಮ್ಮನೆಯದು, ಮಲಗುವ ಕೌದಿ ನಿಮ್ಮನೆಯದು. ನೆಂಟರ ಮನೆಗೆ ಬಂದ ಹುಡುಗಿಯಂತೆ ಅಷ್ಟು ಮರ್ಯಾದೆ. ಪ್ರತಿ ಸಲವೂ ಗಿರಿಜೆಯ ಮುಖ ಬಾಡುತ್ತಿತ್ತು. “ದಸರಾ ಬಂದೇಬಿಡ್ತಲ್ರೀ” ಎನ್ನುವಳು. ನನಗೂ ಒಳಗೊಳಗೇ ಹೆದರಿಕೆ. ಅಷ್ಟರಲ್ಲಾಗಲೇ ಆ ಮಗುವಿಲ್ಲದ ಮನೆಯನ್ನು ನೆನೆಯುವುದೂ ನನ್ನಿಂದಾಗುತ್ತಿರಲಿಲ್ಲ.

ಹಬ್ಬ ಕಳೆದ ವಾರವೇ ಗೌರಮ್ಮ ಬಂದರು. ಮಂಡಕ್ಕಿ, ಮಿರ್ಚಿ ಬಜ್ಜಿ ಮುಂದಿಟ್ಟೆವು. ನೀಲಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನತ್ತ ಕೈ ತೋರಿಸಿ, “ಇವ್ರು ಯಾರವ್ವ?” ಎಂದು ಕೇಳಿದರು. ನಾನು ಅವರ ಬೆನ್ನ ಹಿಂದೆ ಸರಿದು, ಸದ್ದಿಲ್ಲದೆ ತುಟಿ ಕೂಡಿಸಿ ಬಿಡಿಸಿ ‘ಅಪ್ಪ, ಅಪ್ಪ’ ಎಂದು ಅಭಿನಯಿಸಿದೆ. ನೀರಿನಿಂದ ತೆಗೆದ ಮೀನು ಕೂಡ ಅಷ್ಟು ಬಾಯಿ ಬಿಟ್ಟಿರಲಾರದು.

ನೀಲಾ ಹಿಂತಿರುಗಿ ನನ್ನನ್ನು ನೋಡಿದಳು. ಆಮೇಲೆ ಲಂಗದ ಅಂಚನ್ನು ಎತ್ತಿ ತಲೆಯ ಮೇಲೆ ಸೆರಗಿನಂತೆ ಹೊದ್ದು, ಬಳೆಗಾರ ನನ್ನ ವಿಚಾರ ಕೇಳಿದಾಗ ಗಿರಿಜೆ ಮಾಡುವಂತೆಯೇ ಕತ್ತು ಬಗ್ಗಿಸಿ, ಹೆಸರು ಬಾಯಿಂದ ಜಾರದ ಹಾಗೆ ಬಲು ಎಚ್ಚರದಿಂದ ಹೇಳಿದಳು: “ನಮ್ಮನೆಯವ್ರು.”

ಗಿರಿಜೆ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ನಾನು ಗೋಡೆಗೆ ಒರಗಿದೆ. ಮುಗಿಯಿತು, ಮಗಳಾಗಬೇಕಾದವಳು ಹೆಂಡತಿಯ ಮಾತಾಡಿದಳು, ಇನ್ನು ಯಾವ ದತ್ತು! ಗೌರಮ್ಮನವರೂ ಮಿರ್ಚಿ ನೆತ್ತಿಗೇರುವಷ್ಟು ನಕ್ಕರು. ನಗುತ್ತ ನಗುತ್ತಲೇ ಏನೋ ಹೊಳೆದವರಂತೆ ಮಗುವಿನತ್ತ ಬಗ್ಗಿದರು.

“ಏನಂದಿ? ಯಾರ ಮನೆಯವ್ರು?”

“ನಮ್ಮನೆಯವ್ರು,” ಎಂದಳು ನೀಲಾ, ಇಷ್ಟೂ ತಿಳಿಯದೆ ಎಂಬಂತೆ, ಸ್ವಲ್ಪ ಜೋರಾಗಿಯೇ.

ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಸಾಕು ಮೇಷ್ಟ್ರೆ. ದತ್ತಿನ ಕೆಲಸ ನೋಡ್ರಿ. ಹಸುಗೂಸಿದ್ದಾಗಿಂದ ಸಾಕೀನಿ, ನನ್ ಮನೇನೂ ಇವಳಿಗೆ ‘ನಿಮ್ಮನೆ’ನೇ ಆಗಿತ್ತು.”

ಅಡುಗೆಮನೆಯಲ್ಲಿ ನಗು ನಿಂತು ಬಿಕ್ಕಳಿಕೆ ಕೇಳಿಸಿತು. ನನ್ನ ಕಣ್ಣಲ್ಲೂ ನೀರು ಬಂತು, ಮಿರ್ಚಿಯ ಖಾರವೆಂದು ಹೇಳಿ ಪಾರಾದೆ.

ಸಂಜೆಯ ಬಸ್ಸಿಗೆ ಗೌರಮ್ಮ ಒಬ್ಬರೇ ಹರಿಹರಕ್ಕೆ ಹೊರಟರು. ಅವರನ್ನು ಕೂರಿಸಿ, ಬಟ್ಟೆ ಮಿಲ್ಲಿನ ಸೈರನ್ನಿನ ಕೂಗು ಕೇಳುತ್ತ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ “ರೀ, ಎಷ್ಟೊತ್ರೀ!” ಎಂಬ ಗದರಿಕೆ ಬಂತು. ಗದರಿದ್ದು ಅವ್ವನೋ ಮಗಳೋ, ವ್ಯಾಕರಣದ ಮೇಷ್ಟ್ರಿಗೆ ತಿಳಿಯಲಿಲ್ಲ. ಏಕಾಕ್ಷರಕ್ಕೆ ಏಕಾಕ್ಷರವೇ ಉತ್ತರವೆಂದು, ಇಬ್ಬರಿಗೂ ಸೇರಿಸಿ, “ಓ” ಎಂದೆ.