ಅಕ್ಕೋರ ಕಂಚಿನ ಗಡಿಯಾರ

ಗಿರಿಜಾ ಅಕ್ಕೋರ ಕೈಗಳಲ್ಲಿ ಬಳೆಗಳಿರಲಿಲ್ಲ. ಎಡಗೈಯ ಸಣ್ಣ ಮಣಿಕಟ್ಟನ್ನು ಪೂರ್ತಿಯಾಗಿ ಮುಚ್ಚುವಷ್ಟು ದೊಡ್ಡದೊಂದು ಕಂಚಿನ ಗಡಿಯಾರ ಮಾತ್ರ ಇತ್ತು. ಕಪ್ಪು ಮುಖ, ಓಣಿಯ ಆಚೆ ನಿಂತವರಿಗೂ ಕಾಣಿಸುವ ಬಿಳಿಯ ಅಂಕಿಗಳು, ಅಗಲವಾದ ತೊಗಲಿನ ಪಟ್ಟಿ. ವಿಮಾನ ನಡೆಸುವವರು ಕೈಗವಸು ತೆಗೆಯದೆಯೇ ಕೀಲಿ ಕೊಡಲೆಂದು ಅದರ ತಿರುಪು ಗಿಡ್ಡ ಉಳ್ಳಾಗಡ್ಡಿಯಂತೆ ಹೊರಚಾಚಿಕೊಂಡಿತ್ತು. ಪಟ್ಟಿಯ ಅಡಿಯಲ್ಲಿ ಅವರು ಯಾವಾಗಲೂ ಬಿಳಿ ಅರಿವೆಯೊಂದನ್ನು ಸುತ್ತಿಕೊಂಡಿರುತ್ತಿದ್ದರು. ಗಡಿಯಾರ ಸಡಿಲವಾಗುತ್ತದೆಂದು ಹಾಗೆ ಮಾಡುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು.

ಅವರು ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ, ಹಾಗಾಗಿ ಊರಿಗೆಲ್ಲ ಅಕ್ಕೋರು. ಅತ್ತೆ ಗಂಗವ್ವನೊಂದಿಗೆ ನಮ್ಮ ಪಕ್ಕದ ಮನೆಯಲ್ಲಿ ವಾಸವಾಗಿದ್ದರು. ಪತಿ ವಾಯುದಳದಲ್ಲಿ ವಿಮಾನಗಳನ್ನು ದುರಸ್ತಿ ಮಾಡುವ ಕೆಲಸದಲ್ಲಿದ್ದು, ಎಲ್ಲಿಯೋ ಉತ್ತರದಲ್ಲಿ ಜ್ವರದಿಂದ ತೀರಿಕೊಂಡಿದ್ದರು. ವಿಮಾನ ಚಾಲಕನೊಬ್ಬ ಕೊಟ್ಟಿದ್ದ ಒಡಕು ಗಡಿಯಾರಕ್ಕೆ ಅವರು ಕಂಚಿನ ತುಂಡೊಂದನ್ನು ತಾವೇ ಲೇತ್ ಯಂತ್ರದಲ್ಲಿ ಕಡೆದು ಹೊಸ ಕವಚ ಮಾಡಿಕೊಂಡಿದ್ದರಂತೆ. ಅವರ ಟ್ರಂಕಿನೊಂದಿಗೆ ಅದು ಮನೆಗೆ ಬಂದಿತು.

ಒಮ್ಮೆ ನಮ್ಮ ಕಟ್ಟೆಯ ಮೇಲೆ ಬಳೆಗಾರ ಕುಳಿತಿದ್ದಾಗ ಅಕ್ಕೋರು ಶಾಲೆಯಿಂದ ಮರಳುತ್ತಿದ್ದರು. ಓಣಿಯ ಹೆಂಗಸೊಬ್ಬಳು, “ಅಕ್ಕೋರ, ನಿಮ್ಮ ಕೈಯಾಗಿನ ಬಳಿ ಟಿಕ್ ಟಿಕ್ ಅಂತೈತಲ್ರಿ,” ಎಂದು ಚುಚ್ಚಿದಳು.

“ಹೌದವಾ. ಇದನ್ನ ಒಡೀರಿ ಅಂತ ಯಾರೂ ಹೇಳೂದಿಲ್ಲ, ಅದಕ್ಕ ಹಾಕ್ಕೊಂಡೇನಿ,” ಎಂದು ಅಕ್ಕೋರು ನಡಿಗೆ ನಿಲ್ಲಿಸದೆಯೇ ಹೇಳಿದರು. ಬಳೆಗಾರ ತನ್ನ ಬಳೆಗಳ ಮೇಲೆ ಅರಿವೆ ಎಳೆದುಕೊಂಡನು.

ಗಂಗವ್ವನಿಗೂ ಆ ಗಡಿಯಾರ ಒಪ್ಪಿಗೆಯಾಗಿರಲಿಲ್ಲ. “ಗಂಡಸರ ಗಡಿಯಾರ ಕಟ್ಕೊಂಡು ಊರಾಗ ಅಡ್ಡಾಡಿದ್ರ ಮಂದಿ ಏನಂದಾರು?” ಎಂದು ನಮ್ಮ ತಾಯಿಯ ಮುಂದೆ ಗೊಣಗುತ್ತಿದ್ದಳು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಬಿ.ಎ. ಪರೀಕ್ಷೆಗೆ ಕೈಗಡಿಯಾರ ಬೇಕೆಂದು ಅಕ್ಕೋರನ್ನು ಕೇಳಿದೆ. ಸಕ್ಕರೆಯಿಂದ ಹಿಡಿದು ಸೀರೆಯವರೆಗೆ ಏನು ಕೇಳಿದರೂ ಕೊಡುತ್ತಿದ್ದ ಅವರು ಅಂದು ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡರು. “ಇದೊಂದ ಕೇಳಬ್ಯಾಡ ತಂಗಿ,” ಎಂದು ಹೇಳಿ, ತಮ್ಮ ಮೇಜಿನ ಅಲಾರಂ ಗಡಿಯಾರವನ್ನು ಕೈಚೀಲದಲ್ಲಿಟ್ಟು ಕೊಟ್ಟರು. ಷೇಕ್ಸ್‌ಪಿಯರನ ಪ್ರಶ್ನೆಯ ನಡುವೆ ಅದು ಇಡೀ ಸಭಾಂಗಣ ನಡುಗುವಂತೆ ಹೊಡೆದುಕೊಂಡಿತು. ನಾನು ಅದರ ಮೇಲೆ ಕುಳಿತುಬಿಟ್ಟೆ. ಆದರೂ ಅದು ನಿಲ್ಲಲಿಲ್ಲ.

ಸಂಜೆ ಈ ಸಂಗತಿಯನ್ನು ಕೇಳಿ ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಳಿಕ ಕೈಯನ್ನು ದೀಪದ ಹತ್ತಿರ ಹಿಡಿದು, ಕವಚದ ಅಂಚಿನಲ್ಲಿ, ತಿರುಪಿನ ಬುಡದಲ್ಲಿ ಕಟ್ಟಿದ್ದ ಹಸಿರನ್ನು ತೋರಿಸಿದರು.

“ಕಂಚು ಬೆವರ ಕುಡೀತೈತಿ, ತಂಗಿ. ಇದು ಅವರ ಮೈಬೆವರು ಹಿಡಿದ ಬಣ್ಣ. ಫೋಟೋದಾಗ ಬರೇ ಮಾರಿ ಐತಿ. ಇದರಾಗ ಅವರೇ ಅದಾರ. ನನ್ನ ಬೆವರ ಸೈತ ತಾಕಬಾರದಂತ ಅರಿವಿ ಸುತ್ಗೊಂಡೇನಿ. ನಿನಗ ಹೆಂಗ ಕೊಡ್ಲಿ?”

ಆ ವರ್ಷದ ನಾಗರಪಂಚಮಿಗೆ ನಾನು ಉಂಡಿಯ ತಟ್ಟೆ ಹಿಡಿದು ಅವರ ಮನೆಗೆ ಹೋದೆ. ಹಬ್ಬಕ್ಕೆ ಮನೆಯ ಕಂಚು-ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮ ಕಡೆಯ ರೂಢಿ. ಅಕ್ಕೋರು ಸ್ನಾನಕ್ಕೆ ಹೋಗುವಾಗ ಗಡಿಯಾರವನ್ನು ಬಿಚ್ಚಿ ಗೋಡೆಯ ಮಾಡದಲ್ಲಿ ಇಟ್ಟಿದ್ದರು. ನಾನು ಒಳಗೆ ಕಾಲಿಡುವ ಹೊತ್ತಿಗೆ ಗಂಗವ್ವ ಅದನ್ನು ಒರೆಸುತ್ತಿದ್ದಳು. ಪಟ್ಟಿ ನೆನೆಯದಂತೆ ಬಟ್ಟೆ ಸುತ್ತಿ, ಗಾಜಿಗೆ ನೀರು ತಾಕದಂತೆ ಹೆಬ್ಬೆರಳಿನಿಂದ ಅಂಚನ್ನಷ್ಟೇ ತಿಕ್ಕಿ, ಕೂಸಿನ ಕಿವಿ ತೊಳೆದಂತೆ ತೊಳೆದಿದ್ದಳು. ಗಡಿಯಾರ ಬಂಗಾರದಂತೆ ಹೊಳೆಯುತ್ತಿತ್ತು.

ಅಕ್ಕೋರು ಒದ್ದೆ ಕೂದಲಿನಲ್ಲಿ ಹೊರಗೆ ಬಂದರು.

“ನೋಡ ಗಿರಿಜಾ, ನನ್ನ ಮಗನ ಗಡಿಯಾರ ಎಷ್ಟ ಕಿಲುಬ ಹಿಡಿದಿತ್ತು. ಈಗ ಕಳಾ ಬಂತು. ಕಟ್ಕೋ, ನಾಳಿ ಸಾಲಿಗೆ ಕಟ್ಕೊಂಡ ಹೋಗು. ಅಂದವರಿಗೆ ನಾ ಹೇಳತೇನಿ,” ಎಂದಳು ಗಂಗವ್ವ. ಅಷ್ಟು ವರ್ಷಗಳಲ್ಲಿ ಅವಳು ಸೊಸೆಯ ಕೈಗೆ ಆ ಗಡಿಯಾರವನ್ನು ತಾನಾಗಿ ಕೊಟ್ಟಿದ್ದು ಅಂದೇ ಮೊದಲು.

ಅಕ್ಕೋರು ತಿರುಪಿನ ಬುಡವನ್ನು ಬೆರಳಿನಿಂದ ಸವರಿ ನೋಡಿದರು. “ಛಲೋ ಆಗೇತ್ರಿ ಅತ್ತೀ,” ಎಂದರು. ಬಳಿಕ ಹುಣಸೆ ನೀರಿನ ಬಟ್ಟಲನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ತಿಳಿಹಸಿರು ಬೆರೆತ ಆ ನೀರನ್ನು ಬಚ್ಚಲಿಗೆ ಚೆಲ್ಲಲಾರದೆ, ಇಟ್ಟುಕೊಳ್ಳಲೂ ಆಗದೆ, ಎರಡೂ ಕೈಗಳಲ್ಲಿ ಹಿಡಿದುಕೊಂಡು ನಿಂತಿದ್ದರು. ಒಳಗಿನಿಂದ ಗಂಗವ್ವ ಉಂಡಿ ತಿನ್ನಲು ಕರೆಯುತ್ತಲೇ ಇದ್ದಳು. ಅವಳಿಗೆ ಈ ವಿಷಯ ಕೊನೆಯವರೆಗೂ ತಿಳಿಯಲಿಲ್ಲ, ಅಕ್ಕೋರು ತಿಳಿಯಗೊಡಲಿಲ್ಲ.

ಕೆಲವು ವರ್ಷಗಳ ಬಳಿಕ, ಗಂಗವ್ವ ತೀರಿಕೊಂಡ ಮೇಲೆ, ಅಕ್ಕೋರಿಗೆ ರಾಮದುರ್ಗದ ಕಡೆಗೆ ವರ್ಗವಾಯಿತು. ನನಗೆ ಸವದತ್ತಿಯ ಕಚೇರಿಯೊಂದರಲ್ಲಿ ನೌಕರಿ ದೊರಕಿತ್ತು. ಅಲ್ಲಿನ ಬಸ್ ನಿಲ್ದಾಣದಲ್ಲಿ ಅವರನ್ನು ಕಡೆಯ ಬಾರಿ ಕಂಡೆ. ಕೈಯಲ್ಲಿ ಗಡಿಯಾರವಿತ್ತು, ಅದರ ಅಡಿಯಲ್ಲಿ ಅರಿವೆ ಇರಲಿಲ್ಲ. ಕಂಚು ಕಂದಿ, ಅಂಚಿನಲ್ಲಿ ಮತ್ತೆ ಹಸಿರು ಮೂಡಿತ್ತು.

ಸಮಾಧಾನ ಹೇಳಬೇಕೆಂದು, “ಮತ್ತ ಬಣ್ಣ ಬಂದೈತಲ್ರಿ ಅಕ್ಕೋರ,” ಎಂದೆ.

“ಬಂದೈತಿ. ಆದ್ರ ಇದು ನಂದು,” ಎಂದರು. ಬಸ್ಸು ಬಂದು ನಿಂತಿತು. ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ ನನ್ನ ಮುಖ ನೋಡಿದರು. “ತಂಗಿ, ನೀ ಒಬ್ಬಾಕಿ ಅದನ್ನ ನೋಡೀದಿ. ಅವರದು ಇದಕ್ಕಿಂತ ಒಂಚೂರು ನೀಲಿ ಇತ್ತಲ್ಲ? ನನಗ ಈಗೀಗ ನೆನಪಾಗವಲ್ದು.”

“ನೀಲಿ ಇತ್ರಿ,” ಎಂದೆ.

ತಲೆಯಾಡಿಸಿ ಒಳಗೆ ಹೋಗಿ ಕಿಟಕಿಯ ಬದಿಗೆ ಕುಳಿತರು. ರಾಮದುರ್ಗದಲ್ಲಿಯೇ ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಗಡಿಯಾರ ಯಾರ ಪಾಲಾಯಿತೋ ತಿಳಿಯದು. ಆ ಬಣ್ಣವನ್ನು ಕಂಡವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ. ನೀಲಿ ಇತ್ತು ಎಂದೇ ನನಗೆ ನಾನು ಹೇಳಿಕೊಳ್ಳುತ್ತೇನೆ.