ಅಮಾಸೆಗೂ ಮುಚ್ಚದ ಅಂಗಡಿ

ಇಲ್ಲ ಕಣ್ರೀ, ಕಾಲೇಜು ಬುಟ್ಟಿದ್ದಕ್ಕೆ ನಂಗೆ ತಲೆ ಕೆಡ್ಲಿಲ್ಲ. ಕೆಡಿಸಿದ್ದು ಶ್ರೀರಂಗಪಟ್ಟಣದಲ್ಲಿ ಬಾಗಿಲು ಕೆತ್ತೋ ಪುಟ್ಟಾಚಾರ್ರು. ಕೋಟೆ ನೋಡಕ್ಕೆ ಬರೋ ಫಾರಿನ್ನೋರು ಅವರ ಕೆತ್ತನೆ ಮೆಚ್ತಿದ್ರು, ಅದಕ್ಕೇ ಅವರ ಬಾಗಿಲು ಮಾರಕ್ಕೆ ಕಂಪ್ಯೂಟರಲ್ಲೇ ಒಂದು ಅಂಗಡಿ, ಅಂದ್ರೆ ವೆಬ್‌ಸೈಟ್, ಮಾಡ್ಕೊಡ್ತೀನಿ ಅಂದಿದ್ದೆ. ಅದು ಏನೂಂತ ಆಗ ನಂಗೂ ಅರ್ಧಂಬರ್ಧ ಗೊತ್ತಿತ್ತು. ಅವರೇ ಮೊದಲ್ನೇ ಗಿರಾಕಿ. ಒಪ್ಪದಿದ್ರೆ ಅಪ್ಪ ನನ್ನ ವಾಪಸ್ ಕಾಲೇಜಿಗೆ ಅಟ್ಟೋದು ಗ್ಯಾರಂಟಿ.

ಆಚಾರ್ರು ನನ್ನ ರೂಮಿಗೆ ಬಂದು, ಕಂಪ್ಯೂಟರಲ್ಲಿ ತಮ್ಮ ಬಾಗಿಲುಗಳ ಫೋಟೋ ನೋಡಿ ಹಿಗ್ಗೋದ್ರು. ಆಮೇಲೆ ಕೇಳಿದ್ರು, "ಅಮಾಸೆ ದಿನ ಇದನ್ನ ಯಾರ್ಲಾ ಮುಚ್ಚೋರು?"

"ಇದು ಮುಚ್ಚಲ್ಲ ಆಚಾರ್ರೇ, ಯಾವಾಗ್ಲೂ ತೆಗ್ದೇ ಇರ್ತದೆ."

"ಅಮಾಸೇಲಿ ನಾವು ಉಳಿ ಮುಟ್ಟಲ್ಲ, ಅಂಗಡಿ ತೆಗೆಯಲ್ಲ. ನೀನು ಅವತ್ತೂ ಯಾಪಾರ ಮಾಡಿಸ್ತೀಯೇನ್ಲಾ?"

"ಅವತ್ತು ರಜಾ ಅಂತ ಹಾಕ್ಬುಡ್ತೀನಿ."

"ನಮ್ಗೆ ಬೆಳಗಾದ್ರೆ ಅಮೆರಿಕದೋರಿಗೆ ರಾತ್ರಿಯಂತೆ. ಯಾರ ಅಮಾಸೆಗೆ ಹಾಕ್ತೀಯ?"

ನಾನು ಕ್ಯಾಲೆಂಡರ್ ನೋಡ್ದೆ, ಗಡಿಯಾರ ನೋಡ್ದೆ. ಎರಡೂ ಸುಮ್ನಿದ್ವು. ಕಾಲೇಜೇ ವಾಸಿ ಅನ್ನಿಸ್ತು.

"ಮೊದ್ಲು ಇದಕ್ಕೊಂದು ಬಾಗಿಲು ಮಡಗು ಕಣ್ಲಾ, ಆಮೇಲೆ ನನ್ನ ಕರಿ," ಅಂತ ಆಚಾರ್ರು ಎದ್ರು. ಬಾಗಿಲು ಅಂದ್ರೆ ಏನೂಂತ ತೋರ್ಸೋ ಅಂಗೆ, ನನ್ನ ರೂಮಿನ ಬಾಗಿಲ್ನ ನಿಧಾನಕ್ಕೆ ಎಳ್ದು ಮುಚ್ಕೊಂಡು ಹೋದ್ರು.